ಸವಳು ನೀರಿನ ಊರಿನಲ್ಲಿ ಸಮುದ್ರದ ಮೀನು

ನಮ್ಮ ಪ್ರಾಣಿಶಾಸ್ತ್ರದ ಸರ್ ಅವರ ಬಲಗೈಯ ತೋರುಬೆರಳು ಸದಾ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿ ಬೆಳ್ಳಗಿರುತ್ತಿತ್ತು. ಉಳಿದ ಬೆರಳುಗಳು ಎಲ್ಲರ ಬೆರಳಿನಂತೆ. ಅದೊಂದು ಮಾತ್ರ ಯಾವುದೋ ಹೆಣದಿಂದ ತಂದು ಹಚ್ಚಿದ ಹಾಗೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಅವರು ಸಮುದ್ರದ ಮೀನು ಸಾಕಿದ್ದರು. ಹೊತ್ತು ಸಿಕ್ಕಾಗಲೆಲ್ಲ ಆ ನೀರಿನಲ್ಲಿ ಬೆರಳದ್ದಿ, ನಾಲಿಗೆಗೆ ಹಚ್ಚಿ, ಉಪ್ಪು ಎಷ್ಟಿದೆ ಎಂದು ನೋಡುತ್ತಿದ್ದರು. ಹುಡುಗರು ಅವರಿಗೆ ಇಟ್ಟ ಹೆಸರು ಉಪ್ಪಿನಕಾಯಿ. "ಉಪ್ಪಿನಕಾಯಿ ಬಂತಲೇ, ಸುಮ್ನ ಕುಂಡ್ರಿ" ಎಂದರೆ ಇಡೀ ವರ್ಗ ಉಸಿರು ಹಿಡಿಯುತ್ತಿತ್ತು. ಆ ಬೆರಳು ಯಾರ ಕಡೆ ತಿರುಗಿತೋ ಅವರ ಅಂದಿನ ಮಾನ ಹೋದಂತೆಯೇ.

ನಾನು ಮುಳಗುಂದದ ಪಿಂಜಾರರ ಮಗಳು. ಅಪ್ಪ ಓಣಿ ಓಣಿ ತಿರುಗಿ ಹತ್ತಿ ಬಡಿದು ಗಾದಿ ತುಂಬುತ್ತಿದ್ದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ, ಏರಲಿ. ಎಪ್ಪತ್ತರ ದಶಕದ ನಡುವೆ ಗದಗಿನಲ್ಲಿ ಸೈನ್ಸಿಗೆ ಸೇರಿದಾಗ ಅಪ್ಪ ಒಂದು ಮಾತು ಹೇಳಿದ್ದ.

"ಪಾಸಾಗೂತನಾ ಓದವಾ, ನಾ ಬ್ಯಾಡ ಅನ್ನೂದಿಲ್ಲ. ಒಮ್ಮೆ ನಪಾಸಾದಿ ಅಂದ್ರ ಲಕ್ಷ್ಮೇಶ್ವರದವ್ರಿಗೆ ಹೂಂ ಅಂತೀನಿ."

ಲಕ್ಷ್ಮೇಶ್ವರದವರೆಂದರೆ ನನ್ನನ್ನು ಕೇಳಿಕೊಂಡು ಬಂದಿದ್ದ ಮನೆತನ. ವರನಿಗೆ ಆಗಲೇ ಮೊದಲ ಹೆಂಡತಿಯ ಮಕ್ಕಳಿದ್ದರು.

ಮ್ಯಾಟ್ರಿಕ್‌ವರೆಗೆ ನಾನು ಓದಿದ್ದೆಲ್ಲ ಕನ್ನಡದಲ್ಲಿ. ಕಾಲೇಜಿನಲ್ಲಿ ಹಾಜರಿ ಕೂಗುವುದೂ ಇಂಗ್ಲಿಷಿನಲ್ಲಿ. ಮೊದಲ ವಾರವೇ ಆ ಬೆರಳು ನನ್ನ ಕಡೆ ತಿರುಗಿತು. ಸರ್ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೀನು, ಉಸಿರು ಎಂಬಷ್ಟು ತಿಳಿಯಿತು. "ಕಿವಿರುರೀ ಸರ್" ಎಂದೆ.

ವರ್ಗ ನಕ್ಕಿತು. ಸರ್ ನಗಲಿಲ್ಲ. "ಕಿವಿರು ಇರುವುದು ಸಂತೆಯ ಮೀನಿಗೆ," ಎಂದರು. "ನಾನು ಕಲಿಸುವ ಮೀನಿಗೆ ಗಿಲ್ಸ್ ಇರುತ್ತವೆ. ಆರ್ಟ್ಸ್ ವಿಭಾಗ ಎದುರಿನ ಕಟ್ಟಡದಲ್ಲಿದೆ. ಅಲ್ಲಿ ಮೀನಿಲ್ಲ, ಸುಖವಾಗಿರುತ್ತೀ."

ಅವರು ಕಾರವಾರದ ಕಡೆಯವರು. ಅವರ ಕನ್ನಡ ಪುಸ್ತಕದ ಕನ್ನಡದ ಹಾಗೆ. ನಮ್ಮ ಹಾಗೆ ಮಾತಾಡುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು, ಆದರೆ ಆಡುತ್ತಿದ್ದದ್ದು ಅಣಕಿಸಲಿಕ್ಕೆ ಮಾತ್ರ. ದಿನಾ ನನ್ನನ್ನು ನಿಲ್ಲಿಸುತ್ತಿದ್ದರು. "ಏಳವಾ ಗಾದಿ ರಾಣಿ, ಹೇಳವಾ." ನನ್ನ ಜೊತೆ ಕನ್ನಡ ಶಾಲೆಗಳಿಂದ ಬಂದವರಲ್ಲಿ ಅಂತೂರ ಬೆಂತೂರದ ಹುಡುಗ ದಸರೆಯೊಳಗೆ ಊರಿಗೆ ಮರಳಿದ. ಉಳಿದವರು ಒಬ್ಬೊಬ್ಬರಾಗಿ ಎದುರಿನ ಕಟ್ಟಡಕ್ಕೆ ಹೋದರು. ಹೋದವರನ್ನು ಸರ್ ಮತ್ತೆ ನೆನೆಸುತ್ತಲೂ ಇರಲಿಲ್ಲ.

ಒಂದು ದಿನ ನನ್ನನ್ನು ಕರೆದು, "ನಿನ್ನಿಂದ ಒಂದು ಉಪಯೋಗವಾದರೂ ಆಗಲಿ. ಬಡಿದ ಹತ್ತಿ ತಂದುಕೊಡು, ನೀರು ಸೋಸಲಿಕ್ಕೆ ಬೇಕು," ಎಂದರು. ಅಪ್ಪ ಒಳ್ಳೆಯ ಹತ್ತಿಯನ್ನೇ ಆರಿಸಿ, ಮೋಡದ ಹಾಗೆ ಬಡಿದುಕೊಟ್ಟ. ಭಾನುವಾರ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ.

ಅಂದು ಮುಂಬಯಿಯಿಂದ ರೈಲಿನಲ್ಲಿ ಹೊಸ ಮೀನು ಬಂದಿದ್ದವು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿಯವು, ನೀಲಿಯವು, ಹೆಬ್ಬೆರಳಿನಷ್ಟು ಗಾತ್ರ. ಕೋಣೆಯ ಕಿಟಕಿ ಮುಚ್ಚಿದ್ದರು, ತೊಟ್ಟಿಯ ದೀಪ ಆರಿಸಿದ್ದರು. ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ಮೊದಲು ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟು, ಎರಡರ ಕಾವು ಒಂದಾದ ಮೇಲೆ, ಮೀನನ್ನು ಚೀಲದ ನೀರಿನ ಸಮೇತ ಬಕೀಟಿಗೆ ಇಳಿಸಿದರು. ದವಾಖಾನೆಯಲ್ಲಿ ಸಲಾಯಿನ್ ಹಚ್ಚುವ ನಳಿಗೆಯ ಒಂದು ತುದಿಯನ್ನು ತೊಟ್ಟಿಯಲ್ಲಿ ಬಿಟ್ಟು, ಇನ್ನೊಂದರಿಂದ ಬಕೀಟಿಗೆ ಹನಿ ಬೀಳುವಂತೆ ಮಾಡಿದರು. ಒಮ್ಮೆಲೆ ಹೊಸ ನೀರಿಗೆ ಬಿಟ್ಟರೆ ಮೀನು ತಡೆಯುವುದಿಲ್ಲವಂತೆ. ಹಳೆಯ ನೀರಲ್ಲಿ ಇರುವಾಗಲೇ ಹೊಸದರ ರುಚಿ ಹತ್ತಬೇಕಂತೆ. ಅಂದು ತಿನ್ನಲು ಕೊಡಬಾರದು, ಬೆಳಕು ಹಾಕಬಾರದು, ಗಾಜು ಬಡಿಯಬಾರದು.

ಇದನ್ನೆಲ್ಲ ಅವರು ನನಗೆ ಹೇಳಲಿಲ್ಲ. ಮೀನಿಗೆ ಹೇಳುತ್ತಿದ್ದರು. ಸ್ಟೂಲಿನ ಮೇಲೆ ಬಾಗಿ ಕೂತು, "ಹೆದರಬೇಡ ಮರೀ, ನಿಧಾನ, ಯಾರೂ ಅವಸರ ಮಾಡುವುದಿಲ್ಲ," ಎನ್ನುತ್ತಿದ್ದರು. ಅಂಥ ದನಿ ಅವರ ಗಂಟಲಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬಾಯಿ ತಡೆಯಲಿಲ್ಲ.

"ಸರ್, ನಮಗ್ಯಾಕ ಹಿಂಗ ಹನಿ ಹನಿ ಇಲ್ರಿ?"

ಅವರು ತಲೆ ಎತ್ತಲಿಲ್ಲ. ನಮ್ಮ ಮಾತಿನಲ್ಲೇ ಹೇಳಿದರು: "ಮೀನಾ ರೊಕ್ಕಾ ಕೊಟ್ಟ ತಂದೇನವಾ. ನೀವು ಪುಕ್ಕಟ ಬಂದೀರಿ."

ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಸರ್ ಅವರ ಹೆಂಡತಿ, ನಾನು ಅವರಿಗೆ ಅಕ್ಕಾರು ಎನ್ನುತ್ತಿದ್ದೆ, ಹೊರಗೆ ಬಂದು ನನ್ನ ಕೈಯಲ್ಲಿ ಒಂದು ಬಟ್ಟಲು ಚಹಾ ಕೊಟ್ಟು ಒಳಗೆ ಹೋದರು.

ಅತ್ತೆನೇ? ಅತ್ತೆ. ಬಸ್ಸಿನಲ್ಲಿ ಕೂತು ಮುಳಗುಂದ ಬರುವ ತನಕ ಅತ್ತೆ. ಆದರೆ ಮನೆಗೆ ಬಂದು ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು, ಹಳೆಯ ಕನ್ನಡ ವಿಜ್ಞಾನದ ಪುಸ್ತಕ ತೆಗೆದೆ. ಒಂದು ಸಾಲಿನಲ್ಲಿ ಒಂದೇ ಶಬ್ದ ಕಿತ್ತು ಆ ಜಾಗದಲ್ಲಿ ಇಂಗ್ಲಿಷ್ ಶಬ್ದ ಇಟ್ಟೆ. 'ಮೀನು ಗಿಲ್ಸ್‌ನಿಂದ ಉಸಿರಾಡುತ್ತದೆ.' ಅದು ಬಾಯಿಗೆ ಒಗ್ಗುವವರೆಗೆ ಎರಡನೆಯದನ್ನು ಮುಟ್ಟಲಿಲ್ಲ. ಅವ್ವ ನನ್ನ ಗಟ್ಟಿ ಓದು ಕೇಳಿ, "ಇದ್ಯಾವ ಖಿಚಡಿ ಭಾಷಾನ ನಮ್ಮವ್ವಾ!" ಎಂದು ನಗುತ್ತಿದ್ದಳು. ಸುಗ್ಗಿ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಕನ್ನಡದ ಕ್ರಿಯಾಪದ ಒಂದೇ ಉಳಿದಿತ್ತು. ಒಂದು ದಿನ ಅದೂ ಹೋಯಿತು.

ಆ ವರ್ಷ ಪಾಸಾದೆ. ಮುಂದಿನ ವರ್ಷವೂ ಪಾಸಾದೆ. ಸರ್ ನನ್ನನ್ನು ನಿಲ್ಲಿಸುವುದನ್ನು ಬಿಡಲಿಲ್ಲ. ನಾನು ಉತ್ತರ ಹೇಳಿದರೆ, "ಗಿಳಿಯೂ ಹೇಳುತ್ತದೆ," ಎನ್ನುತ್ತಿದ್ದರು.

ಡಿಗ್ರಿಯ ಕೊನೆಯ ವರ್ಷದ ಬೇಸಿಗೆ. ಸರ್ ಮತ್ತೆ ಹೊಸ ಮೀನು ತರಿಸಿ, ಹನಿ ಹನಿ ಒಗ್ಗಿಸಿ, ತೊಟ್ಟಿಗೆ ಬಿಟ್ಟು, ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋದರು. ಹೋಗುವಾಗ ಅಕ್ಕಾರಿಗೆ ಹೇಳಿದ್ದು ಇಷ್ಟೇ: "ನೀರು ಇಳಿದರೆ ಹಾಕು." ಯಾವ ನೀರು, ಯಾಕೆ ಎಂದು ಹೇಳಲಿಲ್ಲ. ಅವಳಿಗೆ ಹೇಳಿ ತಿಳಿಯುವುದೇನು ಎಂಬುದು ಅವರ ಎಣಿಕೆ. ಬಿಸಿಲಿಗೆ ಆರುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಸಮುದ್ರದ ಮೀನಿಗೂ ಮೇಲೆ ಹಾಕಬೇಕಾದ್ದು ಸಿಹಿನೀರು.

ಅಕ್ಕಾರು ಶಿರಹಟ್ಟಿಯವರು, ಸಮುದ್ರ ಕಂಡವರಲ್ಲ. ಗದಗಿನಲ್ಲಿ ಸಿಹಿನೀರೆಂದರೆ ಯಾವಾಗಲೋ ಒಮ್ಮೆ ನಳದಲ್ಲಿ ಬಂದು ಹೋಗುವ ದೇವರು. ಅದನ್ನು ಕುಡಿಯಲಿಕ್ಕೆ ಮುಚ್ಚಿಡುತ್ತಾರೆ. ಮೈಗೆ, ಬಟ್ಟೆಗೆ ಬಾವಿಯ ಸವಳು ನೀರು. ಸಮುದ್ರದ ಮೀನಿಗೆ ಉಪ್ಪುನೀರೇ ಬೇಕು, ನಮ್ಮ ಬಾವಿಯದೂ ಉಪ್ಪೇ ಎಂದುಕೊಂಡು ಆಕೆ ಹಿತ್ತಲ ಬಾವಿಯಿಂದ ಸೇದಿ ಕೊಡಗಟ್ಟಲೆ ಸುರಿದರು. ಬಾವಿಯ ಉಪ್ಪು ಬೇರೆ, ಸಮುದ್ರದ ಉಪ್ಪು ಬೇರೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಸರ್ ಮರಳಿದ ದಿನ ನಾವು ಕೆಲವರು ಪ್ರಾಕ್ಟಿಕಲ್ ಪರೀಕ್ಷೆಯ ವಿಚಾರ ಕೇಳಲು ಅವರ ಮನೆಗೇ ಹೋಗಿದ್ದೆವು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸರ್ ಕೂಗಾಡಲಿಲ್ಲ. ಅಕ್ಕಾರ ಕೈ ಹಿಡಿದು ತಂದು ಆಕೆಯ ಬೆರಳನ್ನು ಆ ನೀರಲ್ಲಿ ಅದ್ದಿ, "ನೆಕ್ಕು," ಎಂದರು. "ಹುಡುಗರ ಮುಂದೆ ಹೇಳು. ಸಮುದ್ರವೋ, ಬಾವಿಯೋ?"

ಅಕ್ಕಾರು ನೆಕ್ಕಿದರು. "ನಮ್ಮ ಸವಳ ಐತ್ರಿ," ಎಂದರು. "ನಮ್ಮೂರಾಗ ನಾ ಇಂಥಾದ್ನ ಕುಡದು ಬೆಳದೀನಿ. ನಾ ಏನ್ ಸತ್ತಿಲ್ಲ."

ಸರ್ ಆಕೆಯನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು. "ಹೌದು. ನೀವಿಬ್ಬರೂ ಸಾಯುವ ಜಾತಿಯಲ್ಲ. ಸಾಯುವುದು ಚಂದ ಇರುವಂಥವು ಮಾತ್ರ."

ನಾನು ಡಿಗ್ರಿ ಮುಗಿಸಿದೆ. ಲಕ್ಷ್ಮೇಶ್ವರದವರು ಬೇರೆ ಹೆಣ್ಣು ನೋಡಿಕೊಂಡರು. ಮುಂಡರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ಎಂಬತ್ತರ ದಶಕದ ಕೊನೆಗೆ, ಸರ್ ಹೃದಯ ನಿಂತು ತೀರಿಕೊಂಡ ಖಬರ ಬಂತು. ಕಾಲೇಜಿನ ಶೋಕಸಭೆಗೆ ಹೋದೆ. ಒಬ್ಬರು ಅವರನ್ನು ತಾಯಿಯಂಥವರು ಎಂದರು. ಇನ್ನೊಬ್ಬರು ಹಳ್ಳಿಯ ಮಕ್ಕಳ ಕಣ್ಣು ತೆರೆಸಿದ ಮಹಾನುಭಾವರು ಎಂದರು. ಹಳೆಯ ವಿದ್ಯಾರ್ಥಿನಿಯೆಂದು ನನ್ನನ್ನೂ ಕರೆದರು.

"ಸರ್ ನನಗೆ ಕಲಿಸಲಿಲ್ಲ," ಎಂದೆ. "ನನ್ನನ್ನು ಓಡಿಸಲಿಕ್ಕೆ ಆದದ್ದೆಲ್ಲ ಮಾಡಿದರು. ಮೀನು ಬದುಕಲಿ ಎಂದು ಅವರು ಮಾಡುತ್ತಿದ್ದುದನ್ನು ಕದ್ದು ನೋಡಿ, ಅದರಿಂದ ನಾನು ಬದುಕಿದೆ. ಋಣ ಇದೆ, ಇಲ್ಲ ಅನ್ನುವುದಿಲ್ಲ. ಕೈ ಮುಗಿಯಲಿಕ್ಕೆ ಮಾತ್ರ ಮನಸ್ಸು ಬರುತ್ತಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಕೂಗಿದರು: "ಸತ್ತವ್ರ ಫೋಟೋದ ಮುಂದ ಹಿಂಗ ಮಾತಾಡ್ತಾರೇನ್ರಿ? ಕೆಳಗಿಳೀರಿ!"

ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕಾರು ಸೆರಗು ಸರಿಪಡಿಸಿಕೊಂಡು ಹಿಂದೆ ತಿರುಗಿದರು.

"ಮಾತಾಡ್ಲಿ ಬಿಡ್ರಿ," ಎಂದರು. "ಆಕಿ ಒಬ್ಬಾಕಿ ನಮ್ಮ ಮನಿಯವ್ರ ಬಗ್ಗೆ ಹೇಳಾಕತ್ತಾಳ. ನೀವೆಲ್ಲಾ ಇಷ್ಟೊತ್ತು ಮತ್ಯಾರ ಬಗ್ಗೆನೋ ಹೇಳಿದ್ರಿ."