ಮುಚ್ಚಿದ ಭರಣಿಗೆ ಅರ್ಧ ಲೋಟ ನೀರು

ಜುಲೈ ಬಂದರೆ ಗಲ್ಫಿನ ಅಲ್ ಖೌದ್‌ನ ನಮ್ಮ ಕಟ್ಟಡದ ಸಂಸಾರಗಳೆಲ್ಲ ರಜೆಗೆ ಊರಿಗೆ ಹೊರಡುತ್ತವೆ. ಹೊರಡುವ ಮೊದಲು ತುಳಸಿ, ಬಸಳೆ, ಕರಿಬೇವಿನ ಕುಂಡಗಳನ್ನು ನನ್ನ ಬಾಗಿಲ ಮುಂದೆ ತಂದಿಡುತ್ತಾರೆ. ನಾನು ಎಸಿ ಮೆಕ್ಯಾನಿಕ್. ಬೇಸಿಗೆಯಲ್ಲಿ ನನಗೆಲ್ಲಿಯ ರಜೆ? ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ದಿನವೂ ಆ ಕುಂಡಗಳಿಗೆ ಹಾಕುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ಗಿಡವೂ ಸತ್ತಿಲ್ಲವೆಂಬ ಜಂಬ ನನ್ನದು.

ಕಳೆದ ವರ್ಷ ತಂಗಿಯೂ ಒಂದನ್ನು ತಂದಳು. ಅವಳು ಪಕ್ಕದ ಸೀಬ್ ಪಟ್ಟಣದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ದೊಡ್ಡ ಗಾಜಿನ ಭರಣಿ, ಒಳಗೆ ಮಣ್ಣು, ಪಾಚಿ, ಒಂದು ಪುಟ್ಟ ಜರಿಗಿಡ. ಜನವರಿಯಲ್ಲಿ ಮುಚ್ಚಳ ಹಾಕಿ ಸುತ್ತ ಟೇಪು ಅಂಟಿಸಿದ್ದಳಂತೆ.

“ಅಣ್ಣಾ, ಇದಕ್ಕೆ ನೀರು ಬೇಡ. ಒಳಗಿನ ನೀರೇ ಆವಿಯಾಗಿ ಮತ್ತೆ ಇಳೀತದೆ. ನಾಳೆ ಬಾಹ್ಯಾಕಾಶದಲ್ಲಿ ಮನುಷ್ಯ ಬದುಕಬೇಕಾದ್ರೂ ಹೀಗೇ. ಹೊರಗಿಂದ ಎಂತದೂ ಸಿಗುದಿಲ್ಲ. ಮಕ್ಕಳಿಗೆ ತೋರಿಸ್ಲಿಕ್ಕುಂಟು, ಮುಟ್ಟಬೇಡ ಆಯ್ತಾ?”

“ಆಯ್ತು ಮಾರಾಯ್ತಿ.”

ಹತ್ತು ದಿನ ಮುಟ್ಟಲಿಲ್ಲ. ಆಮೇಲೆ ಗಾಜಿನ ಒಳಮೈಯ ಹನಿಗಳು ಕಾಣೆಯಾದವು, ಜರಿಯ ತುದಿ ಕಂದಿತು. ಏಳನೆಯವರೆಗೆ ಓದಿದ ನನಗೆ ಆ ಆವಿಯ ಮೇಲೆ ಅಷ್ಟೊಂದು ನಂಬಿಕೆ ಬರಲಿಲ್ಲ. ಟೇಪು ಬಿಚ್ಚಿ, ಅರ್ಧ ಲೋಟ ಎಸಿ ನೀರು ಹಾಕಿ, ಮೊದಲಿನಂತೆಯೇ ಸುತ್ತಿಟ್ಟೆ.

ಆಗಸ್ಟಿನಲ್ಲಿ ಬಂದವಳು ಭರಣಿ ನೋಡಿ ಕುಣಿದಳು. “ಹೊಸ ಚಿಗುರು ಅಣ್ಣಾ! ಒಂದು ಹನಿ ನೀರು ಹಾಕದೆ!”

ನಾನೂ ನಕ್ಕೆ. ಅದೇ ನನ್ನ ತಪ್ಪು.

ಮೂರು ವಾರದ ಮೇಲೆ ಶಾಲೆಯ ಪ್ರದರ್ಶನದ ದಿನ ಭರಣಿ ಹೊತ್ತುಕೊಂಡು ಹೋದವನು ನಾನೇ. “ಏಳು ತಿಂಗಳಿಂದ ತೆರೆದಿಲ್ಲ” ಎಂದು ತಂಗಿ ದಪ್ಪಕ್ಷರದಲ್ಲಿ ಚಾರ್ಟು ಬರೆದಿದ್ದಳು. ನಮ್ಮೂರ ಕಡೆಯ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ ಕೇಳಿದಳು, “ಮಿಸ್, ಹಾಗಾದ್ರೆ ರಾಕೆಟ್‌ನಲ್ಲಿ ಹೀಗೇ ಲಾಕ್ ಮಾಡಿದ್ರೂ ನಾವು ಸಾಯಲ್ವಾ?”

ತಂಗಿ ಬಾಯಿ ತೆರೆಯುವ ಮೊದಲೇ ನಾನೆಂದೆ, “ಅದನ್ನು ನಾನು ತೆಗೆದಿದ್ದೆ. ಜುಲೈಯಲ್ಲಿ. ನೀರು ಹಾಕಿದೆ.”

ತಂಗಿಯ ಮುಖ ಕೆಂಪಾಯಿತು. “ಎಷ್ಟು?”

“ಅರ್ಧ ಲೋಟ. ಎಸಿದು.”

“ಅಂಕಲ್, ಸ್ಪೇಸ್‌ನಲ್ಲಿ ಡೋರ್ ತೆಗೆದ್ರೆ ಎಲ್ಲರೂ ಖಲಾಸ್!” ಎಂದಳು ಹುಡುಗಿ. “ಇವರನ್ನು ರಾಕೆಟ್‌ಗೆ ಹತ್ತಿಸ್ಬೇಡಿ ಮಿಸ್.”

“ಮತ್ತೆ ಎಸಿ ಹಾಳಾದ್ರೆ ನಿನ್ನಜ್ಜ ಬರ್ತಾರಾ?” ಎಂದಳು ಅವಳ ಗೆಳತಿ, ನನ್ನ ಅಂಗಿಯ ಮೇಲಿದ್ದ ಎಸಿ ಕಂಪನಿಯ ಹೆಸರು ತೋರಿಸಿ.

“ಕರ್ಕೊಂಡು ಹೋಗುವ,” ಎಂದಳು ತಂಗಿ, “ಕೈ ಕಟ್ಟಿ ಹಾಕಿ!” ಹಾಗೆನ್ನುತ್ತಲೇ ಅವಳಿಗೆ ನಗು ತಡೆಯಲಾಗಲಿಲ್ಲ. ಮಕ್ಕಳೂ ಮೇಜು ಬಡಿದು ನಕ್ಕರು. ಚಾರ್ಟಿನ ಸಾಲು ಹೊಡೆದುಹಾಕಿ, ಎಲ್ಲರ ಎದುರು ಭರಣಿಗೆ ಹೊಸ ಟೇಪು ಸುತ್ತಿ, ಅಂದಿನ ತಾರೀಕು ಬರೆದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ತಂಗಿ ಮೆಲ್ಲನೆ ಹೇಳಿದಳು, “ನೀರು ಹಾಕಿದ್ದಕ್ಕೆ ಬೇಜಾರಿಲ್ಲ ಅಣ್ಣಾ. ನಾನು ಅಷ್ಟು ಕುಣಿಯುವಾಗ ಸುಮ್ಮನೆ ನೋಡ್ತಾ ನಿಂತಿಯಲ್ಲ.”

ತಪ್ಪಾಯ್ತು ಎಂದೆ. ಅವಳು ಇಳಿಯುವಾಗ ಭರಣಿಯನ್ನು ನನ್ನ ಮಡಿಲಲ್ಲೇ ಇಟ್ಟಳು. “ನಿನ್ನ ಹತ್ರವೇ ಇರ್ಲಿ.”

ಈಗಲೂ ಆಗಾಗ ಜರಿಯ ತುದಿ ಕಂದುತ್ತದೆ. ಆಗ ಅವಳಿಗೆ ಫೋನು ಮಾಡುತ್ತೇನೆ.

“ಒಂದೆಲೆ ಹಳದಿಯಾಗಿದೆ.”

“ಆಗ್ಲಿ. ನೋಡ್ತಾ ಇರು.”

ನೋಡುತ್ತಾ ಇದ್ದೇನೆ. ಮೊನ್ನೆ ಆ ಎಲೆ ಉದುರಿತು. ಅದರ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡ ಚಿಗುರೊಂದು ತಾನಾಗಿಯೇ ಎದ್ದು ನಿಂತಿದೆ. ಈ ಬಾರಿ ಫೋನಿನಲ್ಲಿ ಕುಣಿದವನು ನಾನು.