ಬೆಳಕಿಂಡಿಯ ಉತ್ತರಾಯಣ

ಸಗರದ ನಮ್ಮ ಮಣ್ಣಿನ ಮಾಳಿಗೆಗೆ ಇದ್ದದ್ದು ಒಂದೇ ಬೆಳಕಿಂಡಿ. ಅದರಿಂದ ನಡುಮನೆಯ ಕಲ್ಲುಹಾಸಿನ ಮೇಲೆ ಮಧ್ಯಾಹ್ನ ರೊಟ್ಟಿಯಗಲ ಬಿಸಿಲು ಬೀಳುತ್ತಿತ್ತು. ಗೆಳೆಯರೇ, ಆ ರೊಟ್ಟಿಗೆ ಒಂದು ಕಡೆ ಕೂತು ಗೊತ್ತಿಲ್ಲ: ಸೂರ್ಯ ತೆಂಕಣಕ್ಕೆ ಸರಿದಂತೆ ಅದು ಬಡಗಣ ಗೋಡೆಯ ಕಡೆ ತೆವಳಿ, ಚಳಿ ಬಲಿತಾಗ ಅಲ್ಲೇ ನಾಲ್ಕು ದಿನ ಯೋಚಿಸಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಬಿಸಿಲು ಹೊಳ್ಳಿತು ಎನ್ನುತ್ತಿದ್ದಳು ಅವ್ವ. ಪಂಚಾಂಗ ಸಂಕ್ರಾಂತಿಗೆ ಉತ್ತರಾಯಣವೆನ್ನುತ್ತದೆ. ನಮ್ಮ ನೆಲ ಮೂರು ವಾರ ಮೊದಲೇ ಹೇಳಿಬಿಡುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ ಅಷ್ಟೆ.

ನನಗೆ ಈ ಲೆಕ್ಕ ಬೇಕಾದದ್ದು ಸ್ವಾರ್ಥಕ್ಕೆ. ದಾಖಲೆಯಲ್ಲಿ ನಾನು ಜೂನ್ ಒಂದರಂದು ಹುಟ್ಟಿದವನು. ನನ್ನ ತರಗತಿಯ ಅರ್ಧ ಮಕ್ಕಳನ್ನು ಮಾಸ್ತರರು ಅದೇ ದಿನ ಹುಟ್ಟಿಸಿದ್ದರು. ನಿಜವಾದ ದಿನ ಬಲ್ಲವಳು ಅವ್ವ ಒಬ್ಬಳೇ. ಅವಳಿಗೂ ತಾರೀಕು ಗೊತ್ತಿಲ್ಲ. ಅಂದು ಬಿಸಿಲು ಗೋಡೆಯಿಂದ ಎರಡನೆಯ ಕಲ್ಲಿನ ಸಂದಿನಲ್ಲಿತ್ತು ಎಂಬುದಷ್ಟೇ ಗೊತ್ತು. ಕಾಲುವೆ ನೀರು ಬಂದು ಎರೆಹೊಲದಲ್ಲಿ ಭತ್ತ ನಿಂತ ಮೇಲೆ ನಮಗೂ ಸ್ಲ್ಯಾಬಿನ ಆಸೆ ಹುಟ್ಟಿತು. ಸಂಕ್ರಾಂತಿಯ ಮರುದಿನ ಮಾಳಿಗೆ ಕೆಡವುವುದೆಂದು ಗೌಂಡಿಗೆ ಮಾತು ಕೊಟ್ಟಾಗಿತ್ತು. ಅಷ್ಟರೊಳಗೆ ನನ್ನ ದಿನವನ್ನು ಹಿಡಿಯಬೇಕೆಂದು ಶಹಾಪುರದ ಕಚೇರಿಗೆ ರಜೆ ಹಾಕಿ ಕಾದು ಕೂತೆ.

ಹಬ್ಬಕ್ಕೆ ಎರಡು ದಿನ ಮುಂಚೆ ಬಿಸಿಲು ಆ ಸಂದಿಗೆ ಬಂತು. ಹಿಗ್ಗಿದೆ. ಮರುಗಳಿಗೆಗೇ ತಲೆ ಕೆರೆದುಕೊಂಡೆ: ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಬಿಸಿಲು ಇದೇ ಸಂದನ್ನು ವರ್ಷಕ್ಕೆ ಎರಡು ಸಲ ದಾಟುತ್ತದಲ್ಲ. ಎರಡೂ ಚಳಿಯ ದಿನಗಳೇ. ಗೋಡೆಗೊರಗಿ ಕೂತಿದ್ದ ಅವ್ವನನ್ನು ಕೇಳಿದೆ, ಆಗ ಬಿಸಿಲು ಯಾವ ಕಡೆ ನಡೆದಿತ್ತು ಎಂದು.

"ನಿನ್ನ ಕಡಿಗಿ ಬರಾಕತ್ತಿತ್ತು," ಎಂದಳು, ತಡವರಿಸದೆ.

ಅಂದರೆ, ನನ್ನನ್ನು ಮಲಗಿಸಿದ್ದ ಬಡಗಣ ಗೋಡೆಯ ಕಡೆಗೆ. ಹಾಗಾದರೆ ನನ್ನ ದಿನ ನವೆಂಬರಿನ ಕೊನೆಗೆ. ನಾನು ಕಾಯಲು ಕೂರುವ ಮೊದಲೇ ಅದು ಬಂದು ಹೋಗಿತ್ತು. ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದಾಗ, ಅಷ್ಟು ವರ್ಷ ಹೇಳದಿದ್ದುದನ್ನು ಹೇಳಿದಳು. ಹುಟ್ಟಿದಾಗ ನಾನು ಅಳಲಿಲ್ಲವಂತೆ, ಅಂಗೈಯಷ್ಟೇ ಇದ್ದೆನಂತೆ. ಬಿಸಿಲು ಹೊಳ್ಳುವ ತನಕ ಉಳಿದರೆ ಉಳಿದಂತೆ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಆ ಗೋಡೆಯ ಬದಿಗೆ ನನ್ನನ್ನು ಮಲಗಿಸಿ, ದಿನಕ್ಕೆ ಬೆರಳಗಲವೂ ಸರಿಯದ ಆ ಬಿಸಿಲನ್ನು ಅವ್ವ ಇಪ್ಪತ್ತು ಮಧ್ಯಾಹ್ನ ಕಾದಳು. ಅದು ಹೊಳ್ಳಿದ ದಿನವೇ ನನಗೆ ತೊಟ್ಟಿಲು, ಹೆಸರು.

ಹೆಸರಿಲ್ಲದ ಆ ದಿನಗಳಲ್ಲಿ ನನ್ನನ್ನು ಏನಂತ ಕರೆಯುತ್ತಿದ್ದೆ ಎಂದು ಕೇಳಿದೆ.

"ಕರೀತಿದ್ದಿಲ್ಲಪಾ. ಕರದ್ರ ಆಸಿ ಆಗ್ತದಂತ ಅಂಜಿ, ಸುಮ್ಮ ನೋಡ್ಕೋತ ಕುಂದರ್ತಿದ್ದೆ."