ಶ್ಯಾವಿಗೆ ಯಂತ್ರದ ಹಸಿರು ಹಿಡಿ

ಅಂದು ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಯಿಸಿ, ಅತ್ತೆಯ ಜಡೆ ಹೆಣೆದೆ. ಲಕ್ವಾ ಹೊಡೆದ ಮೇಲೆ ಅವರ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಜಡೆಯ ತುದಿಯನ್ನು ಎಡಗೈಯಲ್ಲಿ ಹಿಡಿದು ಕೂರುತ್ತಾರೆ, ನನಗೆ ಸಹಾಯ ಮಾಡುವವರಂತೆ.

ಅಂದು ನಮ್ಮ ಮನೆಯ ಶ್ಯಾವಿಗೆ. ಬೇಸಿಗೆಯಲ್ಲಿ ಓಣಿಯ ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮಾಳಿಗೆಯಲ್ಲಿ ಸೇರುತ್ತೇವೆ. ಯಂತ್ರ ಅತ್ತೆಯದು, ಬಬಲೇಶ್ವರದ ತವರಿನಿಂದ ಬಂದದ್ದು. ಅದನ್ನು ತಿರುವುವವರೂ ಅವರೇ. ಹೋದ ವರ್ಷ ಮಾತ್ರ ಎಲ್ಲರೂ, "ಅಜ್ಜಿ, ನೀವು ನೆಳ್ಳಾಗ ಸುಮ್ನ ಕೂಡ್ರಿ" ಎಂದರು. ಪ್ರೀತಿಯಿಂದಲೇ ಅಂದದ್ದು. ಅತ್ತೆ ಕೂತರು. ಆದರೆ ಅಂದು ಊಟ ಮಾಡಲಿಲ್ಲ.

ಈ ಸಲ ಮೈದುನನ ಮಗಳು ನಸುಕಿನಲ್ಲೇ ಬಸ್ಸಿಳಿದು ಬಂದಳು. ತೊರವಿ ಕಡೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಪೂರ್ತಿ ಮಡಚದ ಬೆರಳಿಗೂ ಯಂತ್ರ ತಿರುವಲು ಬರಲೆಂದು ಮಾಡಿದ ಹಸಿರು ಹಿಡಿಯೊಂದನ್ನು ಚೀಲದಿಂದ ತೆಗೆದಳು: ಮೆಕ್ಕೆಜೋಳದ ತೆನೆಯಷ್ಟು ದಪ್ಪ, ತೂಕವೇ ಇಲ್ಲ. ಮೈತುಂಬ ನೂಲು ಸುತ್ತಿದಂಥ ಸಣ್ಣ ಗೆರೆಗಳು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಪದರದ ಮೇಲೆ ಪದರ ಹಾಕಿ ಕಾಲೇಜಿನ ತ್ರೀಡಿ ಪ್ರಿಂಟರ್ ಎಂಬ ಯಂತ್ರವೇ ಕಟ್ಟುತ್ತದಂತೆ.

"ಅಂದ್ರ ನಮ್ಮ ಶ್ಯಾವಿಗಿ ಹಂಗ ಅನ್ನು" ಎಂದರು ಅತ್ತೆ.

"ಹಂಗ ನೋಡ ಅಜ್ಜಿ. ಹಿಟ್ಟಿನ ಬದ್ಲಿ ಪ್ಲಾಸ್ಟಿಕ್."

ಮೊಬೈಲಿನಲ್ಲಿ ಅದರ ನಕ್ಷೆ ತೋರಿಸಿದಳು. ಯಾವುದೋ ದೇಶದವರು ತಮ್ಮ ತಾಯಿಯ ಚಮಚಕ್ಕೆಂದು ರಚಿಸಿ, ಬೇಕಾದವರು ಪುಕ್ಕಟೆ ತೆಗೆದುಕೊಳ್ಳಿ, ತಿದ್ದಿಕೊಳ್ಳಿ ಎಂದು ಬರೆದಿದ್ದರು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನಾನೇ ಎರಡು ಸಲ ಓದಿದೆ. ನಂಬಲಾಗಲಿಲ್ಲ.

ಆಮೇಲೆ ತಪ್ಪು ಮಾಡಿದೆ. ಶ್ಯಾವಿಗೆ ಯಂತ್ರದ್ದೆಲ್ಲ ಕುದಿನೀರು ಕಾಣಬೇಕು ಎಂಬುದು ಮನೆಯ ರೂಢಿ. ಅಚ್ಚುಗಳ ಜೊತೆ ಹಿಡಿಯನ್ನೂ ಬೋಗುಣಿಗೆ ಹಾಕಿಬಿಟ್ಟೆ. ತೆಗೆದಾಗ ಬಾಡಿದ ಬದನೆಕಾಯಿಯಂತೆ ಬಾಗಿತ್ತು.

"ದೊಡ್ಡವ್ವಾ! ಬಿಸಿಗೆ ಮೆತ್ತಗಾಗ್ತೈತಿ ಅದು!"

ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆ, "ಕೊಡ ಇಲ್ಲೆ" ಎಂದು, ಒದ್ದೆ ಬಟ್ಟೆ ಸುತ್ತಿದ ಹಿಡಿಯನ್ನು ಬಲ ಅಂಗೈಯಲ್ಲಿಟ್ಟು, ಎಡಗೈಯಿಂದ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಒತ್ತಿಕೊಂಡರು. ಎಷ್ಟೋ ವರ್ಷ ಹಿಟ್ಟು ನಾದಿದ ಕೈ, ಮೆತ್ತಗಿನದರ ಮರ್ಮ ಬಲ್ಲದು. ಆರಿದ ಮೇಲೆ ಬಟ್ಟೆ ಬಿಚ್ಚಿದರೆ ನಾಲ್ಕು ಬೆರಳಿನ ಗುಳಿ, ಪಕ್ಕದಲ್ಲಿ ಹೆಬ್ಬೆರಳಿನದು. ಅಂಗಡಿಯಿಂದ ತಂದ ಎಲ್ಲದಕ್ಕೂ ನಾನು ಕೈ ಹೊಂದಿಸಿಕೊಂಡು ಬಂದವಳು. ಒಂದು ವಸ್ತು ಒಂದೇ ಕೈಗಾಗಿ ಹೀಗೆ ಬಾಗಿದ್ದನ್ನು ಕಂಡಿರಲಿಲ್ಲ.

ಹುಡುಗಿ ಹಿಡಿಯ ನಡುವೆ ಸೊಟ್ಟಗಾಗಿದ್ದ ತೂತನ್ನು ಚೂರಿಯಿಂದ ಕೆತ್ತಿ ಸರಿಮಾಡಿ, ಅದನ್ನು ಯಂತ್ರದ ಸರಳಿಗೆ ಕೂರಿಸಿದಳು. ಸುತ್ತಲಿಂದ ಫೋಟೊ ತೆಗೆದು, "ಈ ಆಕಾರನೂ ನಕ್ಷಿಗಿ ಹಾಕಿ ಎಲ್ಲಾರಿಗೂ ಬಿಡ್ತೀನಿ" ಎಂದಳು.

"ಬಿಡವ್ವ. ಕುದಿನೀರಾಗ ಹಾಕಬ್ಯಾಡ್ರಿ ಅಂತನೂ ಬರಿ. ನನ್ನ ಸೊಸಿಯಂಥೋರು ಎಲ್ಲಾ ದೇಶದಾಗೂ ಇರ್ತಾರ."

ಮಾಳಿಗೆಯಲ್ಲಿ ಅತ್ತೆ ಬಿಸಿಲೇರುವವರೆಗೂ ತಿರುವಿದರು. ಯಾರಿಗೂ ಬಿಟ್ಟುಕೊಡಲಿಲ್ಲ.

ಸಂಜೆ ಒಣಗಿದ ಶ್ಯಾವಿಗೆ ಡಬ್ಬಿಗೆ ತುಂಬಲು ಬಂದ, ಹೋದ ವರ್ಷ ಸುಮ್ಮನೆ ಕೂಡ್ರಿ ಎಂದವರಲ್ಲಿ ಒಬ್ಬಳಾದ ಪಕ್ಕದ ಮನೆಯಾಕೆ ಒಂದು ಮುಷ್ಟಿ ಎತ್ತಿ ನೋಡಿ, ಅತ್ತೆಯ ಕಡೆ ತಿರುಗಿ ಹೇಳಿದಳು: "ಇಷ್ಟ್ಯಾಕ ಅವಸರ ಮಾಡಿದ್ರಿ ಅಜ್ಜಿ? ಎಲ್ಲಾ ತುಂಡ ತುಂಡ ಬಿದ್ದಾವ. ಮುಂದಿನ ಸಲ ಸಾವಕಾಶ ತಿರುವ್ರಿ."